ಒಂದು ಶರಣಿನ ಸಾಲ



ಸಾಲವೆಂದರೆ ನಮಗೆ ಮೊದಲು ಹಣದ ನೆನಪಾಗುತ್ತದೆ. ಮನೆ ಕಟ್ಟಿಸಿದ ಸಾಲ, ಮಗಳ ಮದುವೆಯ ಸಾಲ, ಬಿತ್ತನೆ ಬೀಜಕ್ಕೆ ಮಾಡಿದ ಸಾಲ. ಇವುಗಳಿಗೆ ಪತ್ರವಿದೆ, ಕಂತಿದೆ, ಬಡ್ಡಿಯ ಲೆಕ್ಕವಿದೆ. ತಪ್ಪಿದರೆ ಬಾಗಿಲಿಗೆ ಬಂದು ಕೇಳುವವರಿದ್ದಾರೆ. ಆದರೆ ದಾರಿಯಲ್ಲಿ ಎದುರಾದವರು ನಮಗಿಂತ ತುಸು ಹೆಚ್ಚು ಬಾಗಿ ಕೈಮುಗಿದರೆ ಅದನ್ನು ಸಾಲವೆಂದು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವವರು ಎಷ್ಟು ಮಂದಿ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಾಗೆ ಬರೆದಿಟ್ಟುಕೊಂಡ ಶರಣರೊಬ್ಬರಿದ್ದರು. ಅವರೇ ಸಮಗಾರ ಹರಳಯ್ಯನವರು.

ಶ್ರಾವಣ ಮಾಸದ ಪ್ರವಚನಗಳಲ್ಲಿ ನಾವು ಅವರ ಚರಿತ್ರೆಯನ್ನು ಅದೆಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಚಮ್ಮಾವುಗೆಯ ಪ್ರಸಂಗ ಬಂದಾಗ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಹರಹರ ಮಹಾದೇವ ಎಂಬ ಘೋಷ ಏಳುತ್ತದೆ, ಮಂಗಳಾರತಿಯಾಗುತ್ತದೆ, ಎಲ್ಲರೂ ಪ್ರಸಾದಕ್ಕೆ ಏಳುತ್ತಾರೆ. ಇಷ್ಟು ವರ್ಷ ಹೇಳಿದ ಕಥೆಯ ಒಳಗೆ ನಾವು ಕಾಲಿಟ್ಟೇ ಇರಲಿಲ್ಲವೆಂಬುದು ತಿಳಿದದ್ದು ಗಂಗಾನಗರದ ಒಂದು ಮನೆಯ ಮಹಡಿಯ ಮೇಲೆ. ತಿಳಿಸಿದವನು ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲು ಬಾರದ ಹುಡುಗ.

ಬೆಂಗಳೂರಿನಲ್ಲಿ ಮೇಖ್ರಿ ವೃತ್ತ ದಾಟಿ ಹೆಬ್ಬಾಳದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ ಬಲಗಡೆಗೆ ಗಂಗಾನಗರ. ಅದಕ್ಕೆ ಹೊಂದಿಕೊಂಡೇ ಆರ್.ಟಿ. ನಗರ. ತುಮಕೂರು ಸೀಮೆಯಿಂದ ಬಂದು ಅಲ್ಲಿ ನೆಲೆಸಿದ ಭಕ್ತರೊಬ್ಬರ ಮನೆಗೆ ಒಂದು ಭಾನುವಾರ ನಾವು ಶಿವಪೂಜೆಗೆ ಹೋಗಿದ್ದೆವು. ಪೂಜೆ ಮುಗಿದು ಪ್ರಸಾದವೂ ಆಗಿ ಕುಳಿತಿದ್ದಾಗ ಮಹಡಿಯ ಮೇಲಿನಿಂದ ಟಕ್ ಟಕ್ ಎಂದು ಬಡಿಯುವ ಸದ್ದು ಕೇಳಿಸಿತು. ಮನೆಯ ಹಿರಿಯಜ್ಜಿಯ ಮುಖ ಸಣ್ಣದಾಯಿತು. ಮೊಮ್ಮಗನಿಗೆ ಹೊಸದೊಂದು ಹುಚ್ಚು ಹಿಡಿದಿದೆ, ಕಂಪ್ಯೂಟರ್ ಕಂಪನಿಯ ಕೆಲಸ ಬಿಡುವಾದಾಗ ಚರ್ಮ ಕತ್ತರಿಸಿ ಮೆಟ್ಟು ಹೊಲಿಯುತ್ತಾನೆ, ಮನೆಯೊಳಗೆ ತರಕೂಡದೆಂದು ತಾವೇ ಮೇಲಕ್ಕೆ ಅಟ್ಟಿದ್ದೇವೆ ಎಂದು ಸಂಕೋಚದಿಂದ ಹೇಳಿದರು.

ನಾವು ಮೇಲಕ್ಕೆ ಹೋಗಿ ನೋಡಿದೆವು. ನೀರಿನ ಟ್ಯಾಂಕಿನ ಪಕ್ಕದಲ್ಲಿ ತಗಡಿನ ನೆರಳು. ಅಲ್ಲೊಂದು ಮಣೆ, ಅದರ ಮೇಲೆ ಜೇನುಬಣ್ಣದ ಚರ್ಮದ ತುಂಡು, ಕತ್ತಿ, ಉಳಿ, ಮೇಣ ತೀಡಿದ ದಾರ, ಎರಡು ಸೂಜಿ. ಹುಡುಗನ ಎಡಗೈಯ ಎರಡು ಬೆರಳಿಗೆ ಪಟ್ಟಿ. ಮೊಬೈಲಿನಲ್ಲಿ ನೋಡಿ ಕಲಿಯಲು ಹೊರಟಿದ್ದನಂತೆ. ತಂದೆಯ ಹುಟ್ಟುಹಬ್ಬಕ್ಕೆ ಒಂದು ಜೊತೆ ಮೆಟ್ಟು ಮಾಡಿಕೊಡಬೇಕೆಂಬ ಆಸೆ. ಮೊದಲ ಪ್ರಯತ್ನವನ್ನು ಅಡಗಿಸಿಡಲು ನೋಡಿದ, ನಾವು ಬಿಡಲಿಲ್ಲ. ಹೊಲಿಗೆ ಮುಂಬದಿಯಲ್ಲಿ ಸಾಲಾಗಿತ್ತು, ಹಿಂಬದಿಯಲ್ಲಿ ಇರುವೆಯ ಸಾಲು ಚದುರಿದ ಹಾಗಿತ್ತು. ಉಳಿಯನ್ನು ನೆಟ್ಟಗೆ ಹಿಡಿಯದೆ ಓರೆ ಮಾಡಿದರೆ ತೂತು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುತ್ತದೆಂದು ಅವನೇ ವಿವರಿಸಿದ. ಅಂಚನ್ನು ತೆಳ್ಳಗೆ ಹೆರೆಯಲು ಹೋಗಿ ಒಂದು ಕಡೆ ಹರಿದುಹೋಗಿತ್ತು. ಇದೆಲ್ಲಕ್ಕಿಂತ ದೊಡ್ಡ ತಪ್ಪನ್ನು ಅವನು ಕೊನೆಗೆ ತೋರಿಸಿದ. ಕಾಗದದ ಮೇಲೆ ಪಾದದ ಅಳತೆ ಬರೆದು, ಅದನ್ನು ಮಗುಚದೆ ಎರಡು ಸಲವೂ ಹಾಗೆಯೇ ಇಟ್ಟು ಅಟ್ಟೆ ಕತ್ತರಿಸಿದ್ದ. ಎರಡೂ ಬಲಗಾಲಿನ ಮೆಟ್ಟುಗಳಾಗಿದ್ದವು!

ನಮಗೂ ನಗು ಬಂತು, ಅವನಿಗೂ ಬಂತು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದಿದ್ದ ಅಜ್ಜಿ ಮಾತ್ರ ನಗಲಿಲ್ಲ. ಬುದ್ಧಿಯವರೇ ಹೇಳಬೇಕು, ಬೆಳಿಗ್ಗೆ ಲಿಂಗ ಹಿಡಿದ ಕೈಯಲ್ಲಿ ಮಧ್ಯಾಹ್ನ ಚರ್ಮ ಮುಟ್ಟಬಹುದೆ ಎಂದು ಕೇಳಿದರು.

ಬಂಧುಗಳೇ, ಆ ಗಳಿಗೆಯಲ್ಲಿ ನಮ್ಮ ನಾಲಗೆಯ ಮೇಲೆ ಹರಳಯ್ಯನವರ ಹೆಸರು ಬರಬೇಕಾಗಿತ್ತು. ಬರಲಿಲ್ಲ. ಬಂದದ್ದು ನಮ್ಮ ಬಾಲ್ಯದ ಒಂದು ಚಿತ್ರ. ನಮ್ಮೂರಿನ ಹೊಂಗೆಯ ಮರದ ಕೆಳಗೆ ಮೆಟ್ಟು ಹೊಲಿಯುವ ಹಿರಿಯರೊಬ್ಬರು ಕುಳಿತಿರುತ್ತಿದ್ದರು. ನಮ್ಮ ತಂದೆಯ ಮೆಟ್ಟಿನ ಬಾರು ಕಿತ್ತುಹೋದರೆ ಅದನ್ನು ಕೋಲಿನ ತುದಿಯಲ್ಲಿ ಸಿಕ್ಕಿಸಿಕೊಂಡು ಹೋಗಿ ಅವರ ಮುಂದೆ ಬೀಳಿಸುತ್ತಿದ್ದೆವು. ಹೊಲಿದು ಕೊಟ್ಟ ಮೇಲೆ ಕಾಸನ್ನು ಕೈಗೆ ಕೊಡದೆ ಮೇಲಿನಿಂದ ಹಾಕುತ್ತಿದ್ದೆವು. ಬೇಸಿಗೆಯಲ್ಲಿ ಅವರು ನೀರು ಕೇಳಿದರೆ ಬೊಗಸೆಗೆ ಎತ್ತರದಿಂದ ಹೊಯ್ಯುತ್ತಿದ್ದೆವು. ಅದೇ ದಿನ ಸಂಜೆ ಊರ ಗುಡಿಯಲ್ಲಿ ಹರಳಯ್ಯನವರ ಪುರಾಣ ಕೇಳಿ ಕೈಮುಗಿಯುತ್ತಿದ್ದೆವು. ಅಜ್ಜಿಯ ಪ್ರಶ್ನೆ ಅಜ್ಜಿಯದು ಮಾತ್ರವಾಗಿರಲಿಲ್ಲ, ನಮ್ಮೊಳಗೂ ಅದು ಹಳೆಯ ಮುಳ್ಳಿನಂತೆ ಉಳಿದಿತ್ತು. ಆದ್ದರಿಂದ ಹೌದು, ಅಲ್ಲ ಎಂದು ಒಂದು ಮಾತಿನಲ್ಲಿ ಹೇಳದೆ ಅಲ್ಲಿಯೇ ಕುಳಿತು ಹರಳಯ್ಯನವರ ಬದುಕನ್ನು ಮೊದಲಿನಿಂದ ನೆನೆಯತೊಡಗಿದೆವು.

ಬೆಂಗಳೂರಿನಿಂದ ಆರು ನೂರು ಕಿಲೋಮೀಟರಿಗೂ ದೂರದಲ್ಲಿ, ಬೀದರ್ ಜಿಲ್ಲೆಯಲ್ಲಿ ಇಂದಿನ ಬಸವಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಅದು ಚಾಲುಕ್ಯರ ರಾಜಧಾನಿಯಾಗಿದ್ದು, ಅನಂತರ ಕಳಚುರಿ ಬಿಜ್ಜಳನ ಕೈಗೆ ಬಂದ ನಗರ. ಬಸವಣ್ಣನವರು ಅಲ್ಲಿ ಭಂಡಾರಿಗಳಾಗಿದ್ದಾಗ ಅವರ ಮಹಾಮನೆಗೆ ನಾನಾ ಕಾಯಕದವರು ಬಂದು ಸೇರಿದರು. ಅಂಬಿಗರು, ಮಡಿವಾಳರು, ನೇಕಾರರು, ಹಡಪದವರು, ಸೂಜಿಕಾಯಕದವರು; ಅವರ ನಡುವೆ ಚರ್ಮದ ಕಾಯಕದವರು. ಮಾದಾರ ಚೆನ್ನಯ್ಯ, ಡೋಹಾರ ಕಕ್ಕಯ್ಯ, ಮಾದಾರ ಧೂಳಯ್ಯ, ಸಮಗಾರ ಹರಳಯ್ಯ ಇವರೆಲ್ಲ ಆ ಸಾಲಿನ ಶರಣರು. ಇವರನ್ನೂ ಉರಿಲಿಂಗಪೆದ್ದಿಯವರನ್ನೂ ಸೇರಿಸಿ ಕಾಯಕ ಶರಣರೆಂದು ಕರೆದು ಈಗ ಸರ್ಕಾರವೂ ಪ್ರತಿವರ್ಷ ಜಯಂತಿ ಆಚರಿಸುತ್ತದೆ.

ಚರ್ಮದ ಕಾಯಕ ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ. ಅದರೊಳಗಿನ ದುಡಿಮೆ ಎಷ್ಟೆಂದು ನಾವು ಕೇಳಿದವರಲ್ಲ. ಸತ್ತ ದನದ ತೊಗಲನ್ನು ತಂದು, ತೊಳೆದು, ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಬೇಕು. ಕೂದಲು ಸಡಿಲವಾದ ಮೇಲೆ ಹೆರೆದು ತೆಗೆಯಬೇಕು. ಒಳಬದಿಗೆ ಅಂಟಿದ ಮಾಂಸವನ್ನು ಕೆರೆಯಬೇಕು. ಸುಣ್ಣದ ಅಂಶ ಹೋಗುವಂತೆ ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿಗಳನ್ನು ಕುಟ್ಟಿ ನೆನೆಸಿದ ಕಷಾಯದಲ್ಲಿ ವಾರಗಟ್ಟಲೆ ಇಡಬೇಕು. ತೊಗಟೆಯ ಒಗರು ತೊಗಲಿನ ಎಳೆಎಳೆಗೂ ಇಳಿದರೆ ಅದು ಕೊಳೆಯುವ ಗುಣವನ್ನು ಬಿಟ್ಟು ಬಾಳುವ ಚರ್ಮವಾಗುತ್ತದೆ. ತೊಗಲನ್ನೇ ಚೀಲದಂತೆ ಹೊಲಿದು, ಅದರೊಳಗೆ ಕಷಾಯ ತುಂಬಿ, ತೂಗುಹಾಕಿ ಹದ ಮಾಡುವ ಪದ್ಧತಿಯೂ ನಮ್ಮಲ್ಲಿತ್ತು. ಹದ ಮಾಡುವುದು ಡೋಹಾರರ ಕಾಯಕ. ಹದವಾದ ಚರ್ಮವನ್ನು ಕತ್ತರಿಸಿ ಮೆಟ್ಟು ಹೊಲಿಯುವುದು ಸಮಗಾರರ ಕಾಯಕ.

ಊರಿನ ಕೊಳೆಯನ್ನೆಲ್ಲ ಇವರು ಎತ್ತಿದರು. ಊರು ಇವರನ್ನು ಕೊಳೆಯೆಂದು ಕರೆದು ಹೊರಗಿಟ್ಟಿತು. ಇವರು ಹದ ಮಾಡಿದ ಚರ್ಮ ಮಾತ್ರ ಎಲ್ಲ ಕಡೆಯೂ ಒಳಗೆ ಬಂತು. ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ, ಎತ್ತಿನ ಕೊರಳಪಟ್ಟಿ, ಗುಡಿಯ ನಗಾರಿ, ಭಜನೆಯ ಮದ್ದಳೆ. ನಂದಿಕೋಲಿನ ಮುಂದೆ ಬಾರಿಸುವ ಸಮಾಳಕ್ಕೆ ಕಟ್ಟಿರುವುದು ಏನು? ಅದರ ಸದ್ದಿಲ್ಲದೆ ನಮ್ಮ ಉತ್ಸವ ಹೊರಡುವುದಿಲ್ಲ. ಇದನ್ನು ಹೇಳಿದಾಗ ಅಜ್ಜಿ ತಲೆಯೆತ್ತಿ ನೋಡಿದರು. ಅವರ ತೌರಿನ ಜಾತ್ರೆಯಲ್ಲಿ ಸಮಾಳದವರ ಕಾಲಿಗೆ ನೀರು ಹಾಕಿ ಬರಮಾಡಿಕೊಳ್ಳುತ್ತಿದ್ದರಂತೆ. ಅದನ್ನು ಮಾಡಿದವರಿಗೆ ಯಾರೂ ನೀರು ಹಾಕಿದ್ದನ್ನು ಅವರು ಕಂಡಿರಲಿಲ್ಲ.

ಶರಣರು ಈ ಲೆಕ್ಕವನ್ನು ತಿರುಗಿಸಿ ಹಾಕಿದರು. ದುಡಿಮೆ ಮೈಲಿಗೆಯಲ್ಲ, ದುಡಿಯದೆ ಉಣ್ಣುವುದು ಮೈಲಿಗೆ ಎಂದು ತಿಳಿಸಿದರು. ಮಾದಾರ ಚೆನ್ನಯ್ಯನವರ ಅಂಕಿತವನ್ನು ನೋಡಿ. ದೇವರ ಹೆಸರಿನೊಳಗೇ ಅವರು ತಮ್ಮ ಕೈಯುಳಿ, ಕತ್ತಿ, ಅಡಿಗೂಂಟಗಳನ್ನು ಸೇರಿಸಿಕೊಂಡಿದ್ದಾರೆ. ಪೂಜೆಗೆ ಹೋಗುವ ಮುನ್ನ ಹತಾರವನ್ನು ಹೊರಗಿಡಬೇಕೆಂದು ಲೋಕ ಹೇಳುತ್ತಿದ್ದಾಗ, ಅವರು ಹತಾರವನ್ನು ಹಿಡಿದುಕೊಂಡೇ ಒಳಗೆ ಬಂದರು.

ಹರಳಯ್ಯನವರು ಇಂಥವರ ನಡುವೆ ಬಾಳಿದವರು. ಅವರ ಧರ್ಮಪತ್ನಿ ಕಲ್ಯಾಣಮ್ಮನವರು, ಮಗ ಶೀಲವಂತ. ಗಂಡಹೆಂಡಿರಿಬ್ಬರೂ ಮೆಟ್ಟು ಹೊಲಿದು, ಬಂದದ್ದರಲ್ಲಿ ಜಂಗಮದಾಸೋಹ ಮಾಡಿ, ಉಳಿದದ್ದನ್ನು ಪ್ರಸಾದವೆಂದು ಉಣ್ಣುತ್ತಿದ್ದರು. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನವರ ಗವಿ ಎಂದು ತೋರಿಸುವ ಸ್ಥಳವಿದೆ. ಅವರ ಚರಿತ್ರೆಯ ಭಾಗಗಳು ಶಿವಕವಿಗಳ ಪುರಾಣಗಳಲ್ಲಿ ಬರುತ್ತವೆ. 1584ರಲ್ಲಿ ವಿರೂಪಾಕ್ಷ ಪಂಡಿತರು ರಚಿಸಿದ ಚೆನ್ನಬಸವ ಪುರಾಣವು ಆ ಕಾಲಕ್ಕೆ ಸುಮಾರು ನಾನ್ನೂರು ವರ್ಷಗಳ ಅನಂತರದ್ದು. ಜನರ ಬಾಯಿಂದ ಬಾಯಿಗೆ ಬಂದ ಕಥೆಯಲ್ಲಿ ಕೆಲವು ಸಂಗತಿಗಳು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಇವೆ. ಕಥೆಯ ತಿರುಳು ಮಾತ್ರ ಎಲ್ಲ ಕಡೆಯೂ ಒಂದೇ.

ಒಂದು ದಿನ ದಾರಿಯಲ್ಲಿ ಬಸವಣ್ಣನವರು ಎದುರಾದರು. ಹರಳಯ್ಯನವರು ಭಕ್ತಿಯಿಂದ ಬಾಗಿ ಶರಣು ಎಂದರು. ಬಸವಣ್ಣನವರು ಅವರಿಗಿಂತ ಹೆಚ್ಚು ಬಾಗಿ ಶರಣು ಶರಣಾರ್ಥಿ ಎಂದರು. ಅಷ್ಟೇ ನಡೆದದ್ದು. ಬಸವಣ್ಣನವರು ಮುಂದೆ ಹೋದರು. ಹರಳಯ್ಯನವರ ಕಾಲು ಮಾತ್ರ ಮುಂದಕ್ಕೆ ಹೋಗಲಿಲ್ಲ. ತಾವು ಒಂದು ಶರಣು ಕೊಟ್ಟು ಎರಡನ್ನು ಪಡೆದೆವು, ಒಂದು ಮೇಲೆ ಉಳಿಯಿತು, ಈ ಭಾರವನ್ನು ಹೇಗೆ ಇಳಿಸುವುದು ಎಂಬ ಚಿಂತೆ ಹಿಡಿಯಿತು. ಮನೆಗೆ ಬಂದು ಕಲ್ಯಾಣಮ್ಮನವರಿಗೆ ಹೇಳಿದರು. ಅವರು ಇದೇನು ದೊಡ್ಡ ವಿಷಯ ಎನ್ನಲಿಲ್ಲ. ಗಂಡನ ಜೊತೆ ತಾವೂ ಚಿಂತೆಗೆ ಕುಳಿತರು.

ಇಲ್ಲಿ ತುಸು ನಿಲ್ಲೋಣ. ಊರೆಲ್ಲ ಯಾರ ನೆರಳನ್ನು ಕಂಡರೆ ದೂರ ಸರಿಯುತ್ತಿತ್ತೋ, ಹುಟ್ಟಿದಾಗಿನಿಂದ ಯಾರಿಗೆ ಕೈಮುಗಿಯುವುದಷ್ಟೇ ಗೊತ್ತಿತ್ತೋ, ಅವರಿಗೆ ರಾಜ್ಯದ ಭಂಡಾರಿಯೊಬ್ಬರು ಬಾಗಿ ಕೈಮುಗಿದರೆ ಹೇಗಾಗಿರಬೇಕು? ಇನ್ನೊಬ್ಬರಾಗಿದ್ದರೆ ಹಿಗ್ಗಿ ಹೀರೇಕಾಯಿಯಾಗಿ ಕೇರಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ಹರಳಯ್ಯನವರು ಅದನ್ನು ದಾನವೆಂದು ಜೇಬಿಗೆ ಹಾಕಿಕೊಳ್ಳಲಿಲ್ಲ, ಸಾಲವೆಂದು ಬಗೆದರು. ಸಾಲವೆಂದು ಬಗೆಯಲು ತೀರಿಸುವ ಶಕ್ತಿ ತನಗಿದೆ ಎಂಬ ನಂಬಿಕೆ ಬೇಕು. ಬಸವಣ್ಣನವರು ಅವರಿಗೆ ಕೊಟ್ಟದ್ದು ಆ ನಂಬಿಕೆಯನ್ನೇ ಎಂದು ನಮಗೆ ಈಗ ತೋರುತ್ತದೆ.

ತೀರಿಸಲು ಅವರ ಬಳಿ ಚಿನ್ನವಿರಲಿಲ್ಲ, ಭೂಮಿಯಿರಲಿಲ್ಲ. ಇದ್ದದ್ದು ಕೈಗಾರಿಕೆ. ಬಸವಣ್ಣನವರ ಪಾದಕ್ಕೆ ಒಂದು ಜೊತೆ ಮೆಟ್ಟು ಹೊಲಿಯಬೇಕೆಂದು ನಿಶ್ಚಯಿಸಿದರು. ಅದಕ್ಕೆ ಬೇರೆಯ ಚರ್ಮ ಸಲ್ಲದೆಂದು ಹರಳಯ್ಯನವರು ತಮ್ಮ ಬಲದೊಡೆಯ ಚರ್ಮವನ್ನೂ ಕಲ್ಯಾಣಮ್ಮನವರು ತಮ್ಮ ಎಡದೊಡೆಯ ಚರ್ಮವನ್ನೂ ತೆಗೆದರೆಂದು, ಅದನ್ನು ಹದ ಮಾಡಿ ಚಮ್ಮಾವುಗೆ ಮಾಡಿದರೆಂದು ಭಕ್ತರು ಎಂಟು ನೂರು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ.

ಈ ಮಾತು ಬಂದಾಗ ಹುಡುಗ ತನ್ನ ಪಟ್ಟಿ ಕಟ್ಟಿದ ಬೆರಳನ್ನು ನೋಡಿಕೊಂಡ. ಬೆರಳಿನ ತುದಿಗೆ ಕತ್ತಿ ತಾಗಿದ್ದಕ್ಕೆ ಎರಡು ದಿನ ಕೆಲಸ ಬಿಟ್ಟಿದ್ದನಂತೆ. ನಾವು ಪ್ರವಚನದಲ್ಲಿ ರಕ್ತದ ಮಾತನ್ನೇ ಎತ್ತಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ಅವನು ಕೇಳಿದ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ. ಅಷ್ಟು ನೋವಿನಲ್ಲಿ ಕೈ ನಡುಗದೆ ಹೊಲಿಗೆ ಹೇಗೆ ನೆಟ್ಟಗೆ ಬಂತು ಎಂದು ಕೇಳಿದ. ಹೌದಲ್ಲವೆ? ಚರ್ಮ ತೆಗೆಯುವುದು ಒಂದು ಗಳಿಗೆಯ ಆವೇಶದಲ್ಲಿ ಆಗಿಬಿಡಬಹುದು. ಅದನ್ನು ಹದಕ್ಕೆ ಹಾಕಿ ದಿನವೂ ಕಾದು, ಅಳತೆ ಮಾಡಿ ಕತ್ತರಿಸಿ, ಅಂಚು ಹೆರೆದು, ಉಂಗುಷ್ಟ ಕೂಡಿಸಿ, ದಾರಕ್ಕೆ ಮೇಣ ತೀಡಿ ಒಂದೊಂದೇ ಹೊಲಿಗೆ ಹಾಕುವಾಗ ಆವೇಶ ಉಳಿದಿರುವುದಿಲ್ಲ. ಆಗ ಉಳಿಯುವುದು ಕೈಯ ಅಭ್ಯಾಸ ಮತ್ತು ಮನಸ್ಸಿನ ಹದ. ಹರಳಯ್ಯನವರ ತ್ಯಾಗಕ್ಕೆ ನಾವು ಕೈಮುಗಿದಿದ್ದೇವೆ. ಅವರ ಕಸುಬಿಗೆ ಕೈಮುಗಿದಿರಲಿಲ್ಲ. ಅವರನ್ನು ಶರಣರನ್ನಾಗಿ ಮಾಡಿದ್ದು ಆ ಕಸುಬು ಕಲಿಸಿದ ತಾಳ್ಮೆಯೇ ಆಗಿರಬೇಕು.

ಚಮ್ಮಾವುಗೆಗಳನ್ನು ಹೊತ್ತು ಅವರು ಮಹಾಮನೆಗೆ ಹೋದರು. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತುಕೊಂಡರು. ಭೂಮಿಯ ಮೇಲೆ ಇದನ್ನು ಮೆಟ್ಟುವ ಯೋಗ್ಯತೆ ಯಾರಿಗೂ ಇಲ್ಲವೆಂದು ಮರಳಿ ಕೊಟ್ಟರು. ಹಿಂತಿರುಗುವ ದಾರಿಯಲ್ಲಿ ಮಧುವರಸ ಎದುರಾದ. ಬಿಜ್ಜಳನ ಆಸ್ಥಾನದಲ್ಲಿದ್ದ ಬ್ರಾಹ್ಮಣ ಮಂತ್ರಿ. ಇಷ್ಟು ಸೊಗಸಾದ ಮೆಟ್ಟು ತನಗೇ ಇರಲಿ ಎಂದು ಕಸಿದು ಮೆಟ್ಟಿದನಂತೆ. ಮೈಯೆಲ್ಲ ಉರಿ ಹತ್ತಿತಂತೆ. ಯಾವ ವೈದ್ಯಕ್ಕೂ ಬಗ್ಗದ ಉರಿ ಕೊನೆಗೆ ಹರಳಯ್ಯನವರ ಮನೆಯಲ್ಲಿ ಚರ್ಮ ನೆನೆಸುವ ಬಾನಿಯ ನೀರಿನಿಂದ ತಣಿಯಿತು ಎನ್ನುತ್ತದೆ ಕಥೆ. ಯಾವ ನೀರನ್ನು ಮೈಲಿಗೆಯೆಂದು ದಾಟಿ ಹೋಗುತ್ತಿದ್ದನೋ ಅದೇ ಅವನಿಗೆ ತೀರ್ಥವಾಯಿತು. ಮಧುವರಸರು ಶರಣರಾದರು.

ಇಲ್ಲಿಗೇ ನಿಂತಿದ್ದರೆ ಹರಳಯ್ಯನವರ ಚರಿತ್ರೆ ಒಂದು ಸುಂದರ ಭಕ್ತಿಕಥೆಯಾಗಿ ಉಳಿಯುತ್ತಿತ್ತು. ಯಾವ ಅರಸನಿಗೂ ಕೋಪ ಬರುತ್ತಿರಲಿಲ್ಲ. ಹರಳಯ್ಯನವರೂ ಮಧುವರಸರೂ ಅಲ್ಲಿಗೆ ನಿಲ್ಲಲಿಲ್ಲ. ಇಬ್ಬರೂ ಶರಣರಾದ ಮೇಲೆ ಹಳೆಯ ಜಾತಿ ಎಲ್ಲಿ ಉಳಿಯಿತು ಎಂದು ತಮ್ಮ ಮಕ್ಕಳಿಗೆ ಮದುವೆ ನಿಶ್ಚಯಿಸಿದರು. ಹರಳಯ್ಯನವರ ಮಗ ಶೀಲವಂತ, ಮಧುವರಸರ ಮಗಳು ಲಾವಣ್ಯ. ಗಿರೀಶ ಕಾರ್ನಾಡರು 1990ರಲ್ಲಿ ಪ್ರಕಟಿಸಿದ ತಲೆದಂಡ ನಾಟಕದಲ್ಲಿ ಅವಳ ಹೆಸರು ಕಲಾವತಿ. ಹೆಸರು ಯಾವುದಾದರೇನು, ಕಲ್ಯಾಣದಲ್ಲಿ ಸಮಗಾರರ ಮನೆಗೆ ಬ್ರಾಹ್ಮಣರ ಮಗಳು ಸೊಸೆಯಾಗಿ ಬಂದಳು.

ಆಗ ಊರು ಎದ್ದು ನಿಂತಿತು. ಮಹಾಮನೆಯಲ್ಲಿ ಒಟ್ಟಿಗೆ ಕುಳಿತು ಅನುಭಾವ ನುಡಿದದ್ದನ್ನು ಊರು ಹೇಗೋ ಸಹಿಸಿತ್ತು. ಹೆಣ್ಣು ಕೊಡುವ ಮಾತು ಬಂದಾಗ ಸಹಿಸಲಿಲ್ಲ. ವರ್ಣಸಂಕರವಾಯಿತೆಂದು ಬಿಜ್ಜಳನಿಗೆ ದೂರು ಹೋಯಿತು. ಹರಳಯ್ಯನವರನ್ನೂ ಮಧುವರಸರನ್ನೂ ಹಿಡಿತರಿಸಿ ಘೋರ ಶಿಕ್ಷೆ ವಿಧಿಸಲಾಯಿತು. ಕಣ್ಣು ಕೀಳಿಸಿದರೆಂದು ಒಂದು ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಗಳಲ್ಲಿ ಎಳೆಸಿದರೆಂದು ಇನ್ನೊಂದು ಹೇಳುತ್ತದೆ. ಎಳೆಹೂಟೆ ಎಂಬ ಆ ಶಬ್ದ ಇಂದಿಗೂ ಕಲ್ಯಾಣದ ಕಥೆಯೊಡನೆ ಅಂಟಿಕೊಂಡಿದೆ.

ಹರಳಯ್ಯನವರು ತಾವಾಗಿ ಕೊಟ್ಟ ಚರ್ಮವನ್ನು ಬಸವಣ್ಣನವರು ತಲೆಯ ಮೇಲೆ ಹೊತ್ತರು. ಉಳಿದ ಚರ್ಮವನ್ನು ಅರಸನು ಕಲ್ಯಾಣದ ಕಲ್ಲುನೆಲದ ಮೇಲೆ ಸುಲಿಸಿದನು. ಅದರ ಕಿಚ್ಚು ಊರನ್ನೇ ಸುಟ್ಟಿತು. ಬಿಜ್ಜಳನ ಆಳ್ವಿಕೆ 1167ರ ಹೊತ್ತಿಗೆ ಕೊನೆಗೊಂಡಿತು. ಶರಣ ಜಗದೇವ ಮತ್ತು ಬೊಮ್ಮಯ್ಯನವರ ಕೈಯಲ್ಲಿ ಅವನು ಹತನಾದನೆಂದು ಪುರಾಣಗಳು ಹೇಳುತ್ತವೆ. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರು. ಆ ದಾರಿಯಲ್ಲಿ ಡೋಹಾರ ಕಕ್ಕಯ್ಯನವರು ಸೈನಿಕರನ್ನು ತಡೆದು ಹೋರಾಡಿ ಬೆಳಗಾವಿ ಜಿಲ್ಲೆಯ ಕಕ್ಕೇರಿಯಲ್ಲಿ ಐಕ್ಯರಾದರೆಂದು ನಂಬುತ್ತಾರೆ. ಇಂದು ನಾವು ವಚನದ ಪುಸ್ತಕ ತೆರೆದು ಓದುತ್ತೇವೆಂದರೆ ಅದರ ರಟ್ಟಿನೊಳಗೆ ಚರ್ಮದ ಕಾಯಕದವರ ಪ್ರಾಣವೂ ಸೇರಿದೆ.

ಇಷ್ಟು ಹೇಳಿ ನಾವು ಮೌನವಾದೆವು. ಹುಡುಗನ ಎರಡು ಬಲಗಾಲಿನ ಅಟ್ಟೆಗಳು ಮಣೆಯ ಮೇಲೆ ಇದ್ದವು. ಒಂದೇ ಅಚ್ಚಿನ ಎರಡು ತುಂಡು ಜೊತೆಯಾಗುವುದಿಲ್ಲ. ಅಳತೆ ಒಂದೇ ಆಗಿದ್ದು, ದಿಕ್ಕು ಬೇರೆಯಾಗಿದ್ದರೆ ಮಾತ್ರ ಜೊತೆ. ಹರಳಯ್ಯ ಕಲ್ಯಾಣಮ್ಮ, ಹರಳಯ್ಯ ಮಧುವರಸ, ಶೀಲವಂತ ಲಾವಣ್ಯ. ಕಲ್ಯಾಣ ನಡೆಯಲು ಹೊರಟದ್ದು ಇಂಥ ಜೊತೆಗಳ ಮೇಲೆ. ನಾವಾದರೋ ನಮ್ಮಂತೆಯೇ ಇರುವ ಬಲಗಾಲನ್ನು ಹುಡುಕಿಕೊಂಡು ಎಂಟು ನೂರು ವರ್ಷ ಕುಂಟಿದೆವು.

ಅಜ್ಜಿಯ ಪ್ರಶ್ನೆಗೆ ಉತ್ತರವಾಗಿ ನಾವು ಆ ಚರ್ಮದ ತುಂಡನ್ನು ಕೈಗೆತ್ತಿಕೊಂಡೆವು. ಹುಡುಗ ಹೇಳಿಕೊಟ್ಟಂತೆ ಎರಡು ಸೂಜಿಗಳಿಂದ ಎರಡೂ ಕಡೆಯಿಂದ ದಾರ ಎಳೆದು ಮೂರು ಹೊಲಿಗೆ ಹಾಕಿದೆವು. ಮೂರನೆಯದರಲ್ಲಿ ಸೂಜಿ ಬೆರಳಿಗೆ ಚುಚ್ಚಿತು. ನಮ್ಮ ಹೊಲಿಗೆಗಿಂತ ಅವನದೇ ವಾಸಿ. ಅಲ್ಲಿದ್ದ ಒಂದು ಮಾತನ್ನು ಮಾತ್ರ ಅವನಿಗೆ ಹೇಳಿದೆವು. ಮೊಬೈಲು ತೋರಿಸುತ್ತದೆ, ಕೈ ಹಿಡಿದು ತಿದ್ದುವುದಿಲ್ಲ. ನಿಮ್ಮ ರಸ್ತೆಯ ತಿರುವಿನಲ್ಲಿ ಕೊಡೆ ನೆಟ್ಟು ಮೆಟ್ಟು ಹೊಲಿಯುವ ಹಿರಿಯರು ಕುಳಿತಿರುತ್ತಾರಲ್ಲ, ಅವರ ಬಳಿ ಹೋಗು ಎಂದೆವು.

ಮುಂದಿನದನ್ನು ಅವನೇ ಬಂದು ನಮಗೆ ತಿಳಿಸಿದ. ಆ ಹಿರಿಯರು ಅಟ್ಟೆಗಳನ್ನು ನೋಡಿ ನಕ್ಕು, ಕಾಗದವನ್ನು ಮಗುಚಿ ಇಟ್ಟು ಒಂದೇ ನಿಮಿಷದಲ್ಲಿ ಎಡಗಾಲಿನ ಅಳತೆ ಬರೆದುಕೊಟ್ಟರಂತೆ. ಉಳಿಯನ್ನು ಮುಷ್ಟಿಯಲ್ಲಿ ಹಿಡಿಯದೆ ಅಂಗೈಗೆ ಒರಗಿಸಿ ಹಿಡಿಯುವುದನ್ನು ಕೈ ಹಿಡಿದು ಕಲಿಸಿದರಂತೆ. ಒಂದು ಗಂಟೆ ಅವರ ಗಿರಾಕಿಗಳು ಕಾದರು. ಹೊರಡುವಾಗ ಹಣ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಇಪ್ಪತ್ತು ವರ್ಷದಿಂದ ಆ ಮನೆಯವರ ಮೆಟ್ಟು ಹೊಲಿದಿದ್ದರೂ ಅವರ ಹೆಸರನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲವೆಂಬುದು ಹುಡುಗನಿಗೆ ಆಗ ಗೊತ್ತಾಯಿತು. ಕೇಳಿ ತಿಳಿದುಕೊಂಡು ಬಂದ.

ಕೆಲವು ವರ್ಷಗಳಿಂದ ಈ ಕಸುಬಿನ ಹೆಸರು ದೂರ ದೂರ ಹೋಗಿದೆ. ಕೊಲ್ಹಾಪುರಿ ಎಂದು ಕರೆಯುವ ಮೆಟ್ಟಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿ, ನಿಪ್ಪಾಣಿಗಳ ಕಡೆ ಇಂದಿಗೂ ಮನೆಮನೆಯಲ್ಲಿ ಅದನ್ನು ಹೊಲಿಯುತ್ತಾರೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಹೆಸರಾಂತ ಕಂಪನಿ ಅಂಥದೇ ಮೆಟ್ಟನ್ನು ಪ್ರದರ್ಶಿಸಿ ಮೂಲವನ್ನು ಹೇಳದೆ ಹೋದಾಗ ನಮ್ಮವರೆಲ್ಲ ಆಕ್ಷೇಪಿಸಿದರು. ಆಮೇಲೆ ಕಂಪನಿಯೂ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಆಕ್ಷೇಪಿಸಿದ್ದು ಸರಿಯೇ. ಹೊಲಿದವರ ಹೆಸರು ಹೇಳಲಿಲ್ಲವೆಂದು ಇಟಲಿಯವರನ್ನು ಕೇಳುವ ನಾವು ನಮ್ಮ ಬೀದಿಯಲ್ಲಿ ಹೊಲಿಯುವವರ ಹೆಸರನ್ನು ಬಲ್ಲೆವೆ?

ಹಣ ತೆಗೆದುಕೊಳ್ಳದಿದ್ದುದನ್ನು ಕೇಳಿ ಅಜ್ಜಿಗೆ ಸಮಾಧಾನವಾಗಲಿಲ್ಲ. ಋಣ ಉಳಿಯಿತಲ್ಲ ಎಂದರಂತೆ. ಆ ಒಂದು ಮಾತು ಕೇಳಿ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಮುಂದಿನ ಸೋಮವಾರ ಮನೆಗೆ ಪ್ರಸಾದಕ್ಕೆ ಕರೆಯುವುದೆಂದು ತೀರ್ಮಾನವಾಯಿತು; ನಮಗೂ ಹೇಳಿಕಳುಹಿಸಿದರು. ಎಲ್ಲರ ಸಾಲಿನಲ್ಲಿಯೇ ಅವರಿಗೂ ಎಲೆ ಹಾಕಿತ್ತು. ಅವರು ಬರಲಿಲ್ಲ. ಎಲೆ ಖಾಲಿಯಾಗಿಯೇ ಉಳಿಯಿತು.

ಅಜ್ಜಿ ಬೇಸರಪಟ್ಟರು, ಕರೆದರೂ ಬರಲಿಲ್ಲವೆಂದರು. ನಾವು ಹೇಳಿದೆವು: ತಾಯಿ, ಇಪ್ಪತ್ತು ವರ್ಷ ಗೇಟಿನ ಹೊರಗೆ ನಿಲ್ಲಿಸಿದವರನ್ನು ಒಂದು ದಿನ ಕರೆದರೆ ಹೆಜ್ಜೆ ಹೇಗೆ ಬರುತ್ತದೆ? ಬಸವಣ್ಣನವರು ಕರೆಯಲಿಲ್ಲ, ದಾರಿಯಲ್ಲಿ ಬಾಗಿದರು.

ಮರುದಿನ ಹುಡುಗ ಊಟದ ಡಬ್ಬಿ ಹಿಡಿದು ತಿರುವಿಗೆ ಹೋದ. ಕೊಡೆಯ ಕೆಳಗೆ, ಅವರ ಪಕ್ಕದಲ್ಲಿ ಗೋಣಿಯ ಮೇಲೆ ಕುಳಿತ. ಹಿರಿಯರೂ ತಮ್ಮ ಬುತ್ತಿ ಬಿಚ್ಚಿದರು. ಇವನ ಡಬ್ಬಿಯಿಂದ ಅವರು ಉಂಡರು, ಅವರ ಬುತ್ತಿಯಿಂದ ಇವನು ಉಂಡ. ಮನೆಗೆ ಬಂದು ಇದನ್ನು ಹೇಳಿದಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಅವರ ಮನೆಯಲ್ಲಿ ಏನು ಸಾರು ಮಾಡಿದ್ದರಂತೆ ಎಂದು ಕೇಳಿದರು. ಸಂಜೆ ಮಳೆ ಬರುವ ಹಾಗಿತ್ತು. ಮಹಡಿಯ ಮೇಲಿದ್ದ ಚರ್ಮದ ಗಂಟನ್ನು ನೆನೆಯದಂತೆ ಒಳಗೆ ತಂದಿಡು ಎಂದು ಮೊಮ್ಮಗನಿಗೆ ಹೇಳಿದರಂತೆ.

ಬಂಧುಗಳೇ, ಬಸವಣ್ಣನವರನ್ನು 2024ರಲ್ಲಿ ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಸರ್ಕಾರ ಘೋಷಿಸಿತು. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಕಲ್ಯಾಣದ ಅಡಿಗಲ್ಲು ನಮ್ಮ ನಮ್ಮ ಬೀದಿಯ ತಿರುವಿನಲ್ಲಿಯೂ ಇದೆ. ನಿಮ್ಮ ಮೆಟ್ಟಿನ ಬಾರು ಮುಂದಿನ ಸಲ ಕಿತ್ತಾಗ ಅಲ್ಲಿಗೆ ಹೋಗಿ. ಅದನ್ನು ನೆಲಕ್ಕೆ ಎಸೆಯದೆ ಕೈಗೆ ಕೊಡಿ. ಹೊಲಿಯುವ ಕೈಯನ್ನು ನೋಡಿ. ಹೆಸರು ಕೇಳಿ. ಹೊರಡುವಾಗ ನೀವೇ ಮೊದಲು ಶರಣು ಎನ್ನಿ. ಅವರು ಎರಡು ಸಲ ಹೇಳಿದರೆ, ಒಂದು ಶರಣಿನ ಸಾಲ ನಿಮ್ಮ ಮೇಲೆ ಉಳಿಯಿತೆಂದು ನೆನಪಿಟ್ಟುಕೊಳ್ಳಿ. ಅದನ್ನು ತೀರಿಸುವ ದಾರಿಯನ್ನು ಹುಡುಕುತ್ತಾ ಬದುಕುವುದೇ ಹರಳಯ್ಯನವರಿಗೆ ನಾವು ಸಲ್ಲಿಸಬಹುದಾದ ಪೂಜೆ.

ಶರಣು ಶರಣಾರ್ಥಿ.